ಖಾಲಿಯಾದಾಗ ಕೆಡುವ ಕೋಣೆ

ಫೆಬ್ರವರಿ ೩

ಚಿಕ್ಕವಳಿಗೆ,

ಕವರಿನ ಮೇಲೆ ನನ್ನ ಅಕ್ಷರ ಕಂಡು ನೀನು ಹುಬ್ಬೇರಿಸಿರುತ್ತೀಯ, ಗೊತ್ತು. ನೀವಿಬ್ಬರೂ ಮನೆ ಬಿಟ್ಟು ಹೊರಟ ದಿನ “ಇನ್ನು ನಿನ್ನ ದನಿ ನನ್ನ ಕಿವಿಗೆ ಬೀಳಬಾರದು” ಎಂದವಳು ನಾನೇ. ದನಿ ಬೀಳಬಾರದು ಎಂದಿದ್ದೆ, ಅಕ್ಷರ ಬೀಳಬಾರದು ಎಂದಿರಲಿಲ್ಲ. ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ. ಎರಡು ಜುಟ್ಟು ಸೇರಬಹುದು, ಎರಡು ಜಡೆ ಸೇರುವುದಿಲ್ಲ ಎಂದು ಹಿರಿಯರು ನಮ್ಮಂಥ ಓರಗಿತ್ತಿಯರನ್ನು ನೋಡಿಯೇ ಹೇಳಿರಬೇಕು. ಏನು ಮಾಡಲಿ, ಈಗ ನನ್ನ ಜಡೆ ಬಾಗಿಲಿಗೆ ಸಿಕ್ಕಿಕೊಂಡಿದೆ.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನೀನು ಜೋಡಿಸಿಕೊಟ್ಟು ಹೋದ ಹತ್ತು ಕಂಪ್ಯೂಟರ್ ಪರದೆಗಳು ಕೈಕೊಡುತ್ತಿವೆ. ಕೆಲವು ದಿನ ಬೆಳಗ್ಗೆ ಚೆನ್ನಾಗಿ ಏಳುತ್ತವೆ. ಸ್ವಲ್ಪ ಹೊತ್ತಾದ ಮೇಲೆ ಬಾಣದ ಗುರುತು ಇದ್ದಲ್ಲೇ ನಿಂತುಬಿಡುತ್ತದೆ. ಆರಿಸಿ ಮತ್ತೆ ಹಚ್ಚಿದರೆ ಕಪ್ಪು ಪರದೆಯ ಮೇಲೆ ಚುಕ್ಕಿ, ಚುಕ್ಕಿ, ಚುಕ್ಕಿ. ಯಾರನ್ನೋ ಹುಡುಕುತ್ತವೆ, ಅವರು ಸಿಗುವುದಿಲ್ಲ. ಕೆಲಸ ಕಳೆದುಕೊಂಡ ಲಾರಿ ಚಾಲಕನೊಬ್ಬ ಪರೀಕ್ಷೆಗೆ ಅಭ್ಯಾಸ ಮಾಡಲು ಬರುತ್ತಾನೆ. “ಅಕ್ಕ, ಲಾರಿ ಆದ್ರೆ ಇಳಿದು ತಳ್ತಿದ್ದೆ. ಇದನ್ನ ಎಲ್ಲಿಂದ ತಳ್ಳಲಿ?” ಎನ್ನುತ್ತಾನೆ.

ಗ್ರಂಥಾಲಯದ ಅಧ್ಯಕ್ಷರು ಮೊನ್ನೆ ಬಂದಾಗ ಹತ್ತೂ ಮಲಗಿದ್ದವು. “ಏನಮ್ಮ, ಆಸ್ಪತ್ರೆ ವಾರ್ಡ್ ಇದ್ದಂಗಿದೆ. ಏಪ್ರಿಲ್‌ನಲ್ಲಿ ನಾವೆಲ್ಲ ಬಂದು ನೋಡ್ತೀವಿ. ಆಗಲೂ ಹಿಂಗೇ ಇದ್ರೆ ಈ ಕೋಣೇಲಿ ಹಳೇ ಪುಸ್ತಕ ತುಂಬಿಸಿಬಿಡ್ತೀವಿ” ಎಂದರು. ಮದುವೆಯಾದ ಮೇಲೆ ಮನೆಯ ಹೊರಗೆ ನನ್ನದು ಎಂದು ಇರುವುದು ಆ ಕೋಣೆಯ ಬೀಗದ ಕೈ ಒಂದೇ. ಅತ್ತೆಗಂತೂ ಮಾವ ಹೋದ ಮೇಲೆ ಹಗಲು ಕಳೆಯುವುದು ಅಲ್ಲಿಯೇ, ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ. ಕೋಣೆ ಹೋದರೆ ನಾವಿಬ್ಬರೂ ದಿನವಿಡೀ ಅಡುಗೆಮನೆಯಲ್ಲಿ ಮುಖ ಮುಖ ನೋಡಿಕೊಂಡು ಕೂರಬೇಕು. ಆಮೇಲೆ ಏನಾಗುತ್ತದೋ ನಿನಗೇ ಗೊತ್ತು.

“ಇದು ಕೆಲಸದ ಜಾಗ, ಅತ್ತೇನ ಮನೇಲೇ ಬಿಟ್ಟು ಬನ್ನಿ” ಎಂದು ನೀನು ಎಲ್ಲರೆದುರು ಹೇಳಿದ್ದನ್ನು ನಾನು ಮರೆತಿಲ್ಲ. ಊರಿಗೆಲ್ಲ ತೆರೆದ ಬಾಗಿಲನ್ನು ಮನೆಯ ಹಿರಿಯರಿಗೆ ಮುಚ್ಚಬೇಕೆ? ಇರಲಿ. ಅದು ಬೇರೆ ಮಾತು, ಇದು ಬೇರೆ ಮಾತು. ಏನು ಮಾಡಬೇಕೆಂದು ಬರೆ.

ಇಂತಿ,
ದೊಡ್ಡವಳು


ಫೆಬ್ರವರಿ ೧೨

ಅಕ್ಕ,

ಕಾಗದ ತಲುಪಿತು. ಹುಬ್ಬೇರಿದ್ದು ನಿಜ.

ಮೇಜಿನ ಮೇಲಿರುವ ಆ ತೆಳು ಪೆಟ್ಟಿಗೆಗಳಿಗೆ ಸ್ವಂತ ತಲೆಯಿಲ್ಲ, ಹೊಟ್ಟೆಯೂ ಇಲ್ಲ. ಅಡುಗೆಯೆಲ್ಲ ಒಳಗಿನ ಸಣ್ಣ ಕೋಣೆಯ ದೊಡ್ಡ ಕಂಪ್ಯೂಟರಿನಲ್ಲಿ, ಅಂದರೆ ಲಿನಕ್ಸ್ ಸರ್ವರಿನಲ್ಲಿ ಆಗುತ್ತದೆ. ಒಂದೇ ಒಲೆ, ಹತ್ತು ತಟ್ಟೆ. ಊಟ ಬರಲಿಲ್ಲವೆಂದು ತಟ್ಟೆಯನ್ನು ಕುಟ್ಟಿದರೆ ಪ್ರಯೋಜನವಿಲ್ಲ. ಒಲೆ ಆರಿದೆಯೋ, ಬಡಿಸುವವರ ದಾರಿ ಕಟ್ಟಿದೆಯೋ ನೋಡಬೇಕು.

ಮುಂದಿನ ಸಲ ಪರದೆಗಳು ನಿಂತಾಗ ಏನನ್ನೂ ಆರಿಸಬೇಡಿ. ಒಳಗೆ ಹೋಗಿ ಸರ್ವರಿನದೇ ಕೀಲಿಮಣೆಯ ಮುಂದೆ ಕೂತುಕೊಳ್ಳಿ. ಅದು ನಿಮ್ಮ ಮಾತು ಕೇಳಿದರೆ ಒಲೆ ಉರಿಯುತ್ತಿದೆ ಎಂದರ್ಥ. ಆಮೇಲೆ ಪಿಂಗ್ ಎಂದು ಟೈಪ್ ಮಾಡಿ, ಯಾವುದಾದರೂ ಒಂದು ಪೆಟ್ಟಿಗೆಯ ವಿಳಾಸ ಕೊಡಿ. ವಿಳಾಸವನ್ನು ಪ್ರತಿ ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ್ದೇನೆ. “ಇದ್ದೀಯಾ?” ಎಂದು ಕೂಗುವ ಆಜ್ಞೆ ಅದು. “ಇದ್ದೀನಿ, ಇದ್ದೀನಿ” ಎಂದು ಸಾಲುಸಾಲಾಗಿ ಉತ್ತರ ಬರಬೇಕು. ಬಂತೋ ಇಲ್ಲವೋ ತಿಳಿಸಿ.

ಇಲ್ಲಿ ಆಸ್ಪತ್ರೆಯ ದಾಖಲೆ ವಿಭಾಗದ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ನಿಮ್ಮ ಮೈದುನ ಚೆನ್ನಾಗಿದ್ದಾರೆ. ಗೊರಕೆಯೂ ಚೆನ್ನಾಗಿದೆ.

ಚಿಕ್ಕವಳು


ಫೆಬ್ರವರಿ ೨೬

ಚಿಕ್ಕವಳಿಗೆ,

ನೀನು ಹೇಳಿದಂತೆ ಮಾಡಿದೆ. ಸರ್ವರು ಹೇಳಿದ ಮಾತು ಕೇಳುತ್ತದೆ, ಈ ಊರಿನಲ್ಲಿ ನನ್ನ ಮಾತು ಕೇಳುವುದು ಅದೊಂದೇ. ಆದರೆ ಪಿಂಗ್ ಎಂದು ಎಷ್ಟು ಕೂಗಿದರೂ ಉತ್ತರವಿಲ್ಲ. ಹತ್ತು ಸಲ ಕರೆದರೆ ಒಂದು ಸಲ “ಊಂ” ಎಂದಂತೆ ಒಂದು ಸಾಲು ಬರುತ್ತದೆ, ಅದೂ ಮೈಮುರಿದುಕೊಂಡು.

ಪಕ್ಕದ ಬೀದಿಯ ಕಂಪ್ಯೂಟರ್ ಅಂಗಡಿಯವನನ್ನು ನಿನ್ನ ಭಾವ ಕರೆತಂದರು. ಅವನು ಬಾಗಿಲಲ್ಲೇ ನಿಂತು, “ಒಂದೇ ಯಂತ್ರದ ಮೇಲೆ ಹತ್ತು ಜನ ಕೂತ್ರೆ ಅದು ತಡ್ಕೊಳತ್ತಾ? ಭಾರ ಜಾಸ್ತಿ. ಎಲ್ಲ ಬಿಸಾಕಿ, ಹೊಸದು ಹತ್ತು ತಗೊಳ್ಳಿ” ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ.

ನನಗೆ ಮಾತ್ರ ಅದು ಸರಿ ಕಾಣಲಿಲ್ಲ. ಯಾಕೆಂದರೆ, ಹೇಳಿದರೆ ನೀನು ನಗಬಾರದು, ಕೋಣೆ ತುಂಬಿದ ದಿನ ಪರದೆಗಳು ಚಿಗರೆಯಂತೆ ಓಡುತ್ತವೆ. ಜನ ಕಡಿಮೆಯಾಗಿ ನಾನು, ಅತ್ತೆ, ಚಾಲಕ ಮೂವರೇ ಉಳಿದಾಗ ಕೆಡುತ್ತವೆ. ಸ್ವಂತ ಲ್ಯಾಪ್‌ಟಾಪ್ ಹೊತ್ತು ತರುವ ಒಬ್ಬ ಉದ್ದ ಕೂದಲಿನವನಿದ್ದಾನೆ. ಅವನು ಬಂದು ದೊಡ್ಡ ಮೇಜಿನ ಹತ್ತಿರ ಕೂತ ಗಳಿಗೆಯಲ್ಲಿ ಎಲ್ಲ ತಾವಾಗಿಯೇ ಸರಿಹೋಗುತ್ತವೆ. “ಅವನ ಕಾಲ್ಗುಣ ಕಣೇ. ಮಧ್ಯಾಹ್ನದ ಊಟ ಹಾಕಿ ಇಲ್ಲೇ ಇಟ್ಕೋ” ಎನ್ನುತ್ತಾರೆ ಅತ್ತೆ.

ಕಾಲ್ಗುಣಕ್ಕೆ ನಿಮ್ಮ ಶಾಸ್ತ್ರದಲ್ಲಿ ಏನಾದರೂ ಹೆಸರಿದೆಯೇ?

ದೊಡ್ಡವಳು


ಮಾರ್ಚ್ ೬

ಅಕ್ಕ,

ನಗಲಿಲ್ಲ. ಕಾಗದ ಓದಿ ಎದ್ದು ನಿಂತುಬಿಟ್ಟೆ. ಜನ ಇದ್ದಾಗ ನಡೆದು ಜನ ಇಲ್ಲದಾಗ ನಿಲ್ಲುತ್ತದೆ ಎಂದರೆ ಅದು ಭಾರದ ದೋಷವಲ್ಲ. ಅಂಗಡಿಯವನಿಗೆ ಬಾಗಿಲು ತೋರಿಸಿ. ಅತ್ತೆ ಹೇಳಿದ ಕಾಲ್ಗುಣವೇ ಸರಿಯಾದ ಸುಳಿವು. ಅವನು ಬಂದಾಗ ಏನೋ ಒಂದು ಬದಲಾಗುತ್ತದೆ, ಎದ್ದು ಹೋದ ಮೇಲೆ ಮತ್ತೆ ಏನೋ ಬದಲಾಗುತ್ತದೆ.

ಒಂದು ಕಥೆ ಹೇಳುತ್ತೇನೆ. ಒಂದು ಊರು, ಆ ಊರಿಗೊಬ್ಬ ಡಂಗುರದವನು. ಮಹಾ ನಿಯತ್ತಿನವನು. ಕಿವಿಗೆ ಯಾವ ಸುದ್ದಿ ಬಿದ್ದರೂ ಡಂಗುರ ಹೊಡೆದು ಮುಂದಿನ ಬೀದಿಗೆ ಸಾರಬೇಕು, ಅವನ ಕೆಲಸ ಅಷ್ಟೇ. ಬೀದಿಯ ಕೊನೆಯಲ್ಲಿ ಬಯಲಿತ್ತು, ಸುದ್ದಿ ಅಲ್ಲಿಗೆ ಹೋಗಿ ಮುಗಿಯುತ್ತಿತ್ತು. ಒಂದು ದಿನ ಯಾರೋ ಬೀದಿಯ ಕೊನೆಯನ್ನು ತಿರುಗಿಸಿ ಅದೇ ಬೀದಿಯ ಮೊದಲಿಗೆ ಸೇರಿಸಿಬಿಟ್ಟರು. ಡಂಗುರದವನು ಸಾರಿದ, ಅವನ ದನಿ ಸುತ್ತಿಕೊಂಡು ಬಂದು ಅವನ ಬೆನ್ನಿಗೇ ಕೇಳಿಸಿತು. “ಓಹೋ, ಹೊಸ ಸುದ್ದಿ!” ಎಂದು ಅದನ್ನೇ ಮತ್ತೆ ಸಾರಿದ. ಅದೂ ಸುತ್ತಿ ಬಂತು. ಸಂಜೆಯೊಳಗೆ ಊರ ತುಂಬ ಡಂಗುರವೇ ಡಂಗುರ. ಪಕ್ಕದಲ್ಲಿ ನಿಂತ ಹೆಂಡತಿ “ಊಟಕ್ಕೆ ಬಾ” ಎಂದರೂ ಕೇಳಿಸದು.

ದೊಡ್ಡ ಮೇಜಿನ ಕೆಳಗೆ ಸಾಲು ತೂತುಗಳಿರುವ ಒಂದು ಪೆಟ್ಟಿಗೆ ಇದೆ, ಪರದೆಗಳ ತಂತಿಗಳೆಲ್ಲ ಬಂದು ಸೇರುವುದು ಅದಕ್ಕೆ. ಅದೇ ನಮ್ಮ ಡಂಗುರದವನು. ಪರದೆಗಳು ನಿಂತಾಗ ಬಗ್ಗಿ ಅದರ ಹಸಿರು ದೀಪಗಳನ್ನು ನೋಡಿ. ಒಂದೊಂದಾಗಿ ಮಿಣುಕಿದರೆ ಸರಿ. ಎಲ್ಲವೂ ಒಟ್ಟಿಗೆ ಹುಚ್ಚು ಹಿಡಿದಂತೆ ಪಟಪಟ ಹೊಡೆದುಕೊಳ್ಳುತ್ತಿದ್ದರೆ ತಂತಿಗಳನ್ನು ಒಂದೊಂದೇ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ದೀಪಗಳು ಶಾಂತವಾಗುತ್ತವೆಯೋ, ಆ ತಂತಿಯನ್ನು ಕೈಯಲ್ಲಿ ಹಿಡಿದು ಅದರ ಇನ್ನೊಂದು ತುದಿ ಎಲ್ಲಿದೆ ಎಂದು ತಡವಿಕೊಂಡು ಹೋಗಿ.

ಸೊಂಟ ಜೋಪಾನ. ಚಾಲಕನಿಗೆ ಬಗ್ಗಲು ಹೇಳಿ.

ಚಿಕ್ಕವಳು


ಮಾರ್ಚ್ ೧೫

ಚಿಕ್ಕವಳಿಗೆ,

ಸರಿಹೋಯಿತು. ಉಪಕಾರವಾಯಿತು.

ದೊಡ್ಡವಳು


ಏಪ್ರಿಲ್ ೨

ಅಕ್ಕ,

ಒಂದು ಸಾಲಿನ ಕಾಗದಕ್ಕೆ ಅಂಚೆಚೀಟಿ ದಂಡ. ಯಾವ ತಂತಿ? ಎರಡನೆಯ ತುದಿ ಎಲ್ಲಿತ್ತು? ಕಾರಣ ತಿಳಿಯದೆ ಸರಿಹೋದದ್ದು ಮತ್ತೆ ಕೆಡುತ್ತದೆ, ಅದಕ್ಕೆ ಕೇಳುತ್ತಿದ್ದೇನೆ.

ಇನ್ನೊಂದು ಮಾತು. ನಿಮ್ಮ ಕಾಗದಗಳಲ್ಲಿ ಅತ್ತೆ ಎಲ್ಲೋ ಒಂದು ಕಡೆ ಕೂತು ಏನೋ ಒಂದು ಹೇಳುತ್ತಿರುತ್ತಿದ್ದರು. ಈ ಸಲ ಇಲ್ಲ. ಹುಷಾರಾಗಿದ್ದಾರೆ ತಾನೆ?

ಚಿಕ್ಕವಳು


ಏಪ್ರಿಲ್ ೨೨

ಚಿಕ್ಕವಳಿಗೆ,

ಹುಷಾರಾಗಿದ್ದಾರೆ. ಊಟ ಮಾಡುತ್ತಾರೆ, ನಿದ್ದೆ ಮಾಡುತ್ತಾರೆ. ಮಾತು ಮಾತ್ರ ಉಪ್ಪಿನಷ್ಟೇ.

ಬರೆಯಬಾರದು ಎಂದುಕೊಂಡಿದ್ದೆ. ಬರೆದರೆ ನೀನು ಗೆದ್ದಂತೆ. ಆದರೂ ಕೇಳು.

ಆ ದಿನ ಪರದೆಗಳು ನಿಂತವು. ಬಗ್ಗಿ ನೋಡಿದೆ. ದೀಪಗಳು ನೀನು ಹೇಳಿದಂತೆಯೇ, ಕಾದ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಒಂದೊಂದೇ ತಂತಿ ಕಿತ್ತೆ. ನೀಲಿ ತಂತಿಗೆ ಕೈ ಹಾಕಿ ಎಳೆದದ್ದೇ ತಡ, ಎಲ್ಲ ತಣ್ಣಗಾಯಿತು. ಮೇಲೆ ಚಾಲಕ “ಓಡ್ತು, ಓಡ್ತು!” ಎಂದು ಕೂಗಿದ. ನೀಲಿ ತಂತಿಯನ್ನು ಹಿಡಿದು ತಡವಿಕೊಂಡು ಹೋದರೆ ಅದು ಎಲ್ಲಿಗೂ ಹೋಗಲಿಲ್ಲ. ಮೇಜಿನ ಕಾಲಿಗೆ ಒಂದು ಸುತ್ತು ಸುತ್ತಿ ತಿರುಗಿ ಅದೇ ಪೆಟ್ಟಿಗೆಗೇ ಬಂತು. ಲ್ಯಾಪ್‌ಟಾಪಿನವರಿಗೆಂದು ನೀನು ಮೇಜಿನ ಅಂಚಿನಲ್ಲಿ ನೇತುಬಿಟ್ಟಿದ್ದ ತಂತಿ ಅದು. ಉದ್ದ ಕೂದಲಿನವನು ಬಂದವನೇ ಮೇಜಿನ ಕೆಳಗೆ ಕೈ ಹಾಕಿ ಅದನ್ನು ಎಳೆದುಕೊಳ್ಳುತ್ತಿದ್ದ. ಹೋಗುವಾಗ ನೇತುಬಿಟ್ಟು ಹೋಗುತ್ತಿದ್ದ. ಅವನು ಹೋದ ಮೇಲೆ ಅದನ್ನು ಖಾಲಿ ತೂತಿಗೆ ಸೇರಿಸುತ್ತಿದ್ದವರು ಯಾರು?

ಕೇಳಬೇಕಾಗಿಯೇ ಬರಲಿಲ್ಲ. ಕಿಟಕಿಯ ಹತ್ತಿರದಿಂದ ಅತ್ತೆ, “ಅದ್ಯಾಕೆ ಕಿತ್ತೆ? ಈಗ ತಾನೆ ಸಿಕ್ಕಿಸಿದ್ದೆ” ಎಂದರು.

ಅವರನ್ನು ದೂರಿ ಏನು ಮಾಡಲಿ? ಜೀವಮಾನವೆಲ್ಲ ಬೆತ್ತದ ಕುರ್ಚಿ ಹೆಣೆದವರು. ಬೆತ್ತದ ತುದಿ ಹೊರಗೆ ಇಣುಕಿದರೆ ಕೂತವರ ಬಟ್ಟೆ ಹರಿಯುತ್ತದೆ, ಹೆಣೆದವರ ಹೆಸರು ಹೋಗುತ್ತದೆ. ತುದಿ ಕಂಡಲ್ಲಿ ಒಳಗೆ ಸಿಕ್ಕಿಸುವುದು ಅವರಿಗೆ ಕಣ್ಣು ಮಿಟುಕಿಸಿದಷ್ಟು ಸಹಜ. “ತುದಿ ಇತ್ತು, ಅದರ ಅಳತೆಗೇ ತೂತೂ ಇತ್ತು. ಇನ್ನೇನು ಬೇಕು?” ಎಂದು ನನ್ನನ್ನೇ ಕೇಳಿದರು.

ನಕ್ಕು ಬಿಟ್ಟುಬಿಡಬೇಕಿತ್ತು. ಕೆಟ್ಟ ಪರದೆಗಳಿಗಾಗಿ ತಿಂಗಳುಗಟ್ಟಲೆ ಎಲ್ಲರಿಂದ ಬೈಸಿಕೊಂಡಿದ್ದೆನಲ್ಲ, ಬಾಯಿ ಜಾರಿತು. “ಇನ್ಮೇಲೆ ಇಲ್ಲಿ ಏನನ್ನೂ ಮುಟ್ಟಬೇಡಿ ಅತ್ತೆ” ಎಂದೆ. ಜೋರಾಗಿ ಅಂದೆ, ಎಲ್ಲರೆದುರು ಅಂದೆ. ನೀನು ಅಂದದ್ದು ಬಾಗಿಲಲ್ಲಿ ನಿಂತು. ನಾನು ಅವರನ್ನು ಒಳಗೆ ಕೂರಿಸಿ ಅಂದೆ.

ಅವರು ಎದ್ದು, ಸೆರಗು ಕೊಡವಿ, ಮನೆಗೆ ನಡೆದರು. ಮತ್ತೆ ಬಂದಿಲ್ಲ. ಬೆಳಗ್ಗೆ “ಬನ್ನಿ ಅತ್ತೆ” ಎಂದರೆ, “ಕೆಲಸದ ಜಾಗದಲ್ಲಿ ನನಗೇನು ಕೆಲಸ” ಎನ್ನುತ್ತಾರೆ. ಮನೆಯಲ್ಲಿ ಮಂಚದ ಹಗ್ಗ ಸಡಿಲವಾಗಿದೆ, ಅದನ್ನೂ ಮುಟ್ಟಿಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಾರೆ, ಬೇರೆ ಯಾರದೋ ಕೈಗಳನ್ನು ಕಾಯುತ್ತಿರುವ ಹಾಗೆ.

ಅಧ್ಯಕ್ಷರು ಸಮಿತಿಯವರನ್ನೆಲ್ಲ ಕಟ್ಟಿಕೊಂಡು ಬಂದು ಹೋದರು. ಹತ್ತಕ್ಕೆ ಹತ್ತೂ ಓಡಿದವು. “ಭೇಷ್” ಎಂದರು. ಕೋಣೆ ಉಳಿಯಿತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಈಗ ಬಂದವರು ಚೀಲ ಇಡುತ್ತಾರೆ.

ನೀನು ಹೇಳಿದ್ದೇ ಸರಿಯಾಯಿತು. ಸಂತೋಷಪಡು.

ದೊಡ್ಡವಳು


ಮೇ ೧

ಅಕ್ಕ,

ಸಂತೋಷಪಡಲು ಕೂತೆ, ಆಗಲಿಲ್ಲ.

ಕೆಲಸದ ಲೆಕ್ಕದಲ್ಲಿ ಒಂದು ಮಾತು ಹೇಳುತ್ತೇನೆ, ಸಮಾಧಾನಕ್ಕೆಂದು ತಿಳಿಯಬೇಡಿ. ತಂತಿಯ ತುದಿಯನ್ನು ಹಾಗೆ ನೇತುಬಿಡುವುದು ಒಳ್ಳೆಯ ಕೆಲಸವಲ್ಲ. ಅತ್ತೆ ಅಲ್ಲದಿದ್ದರೆ ಕಸ ಗುಡಿಸುವವರು ಸಿಕ್ಕಿಸುತ್ತಿದ್ದರು, ಇಲ್ಲವೇ ನಿಮ್ಮ ಉದ್ದ ಕೂದಲಿನವನೇ. ತುದಿಗೂ ಒಂದು ಮನೆ ಬೇಕು. ಖಾಲಿ ತೂತಿಗೆ ಮುಚ್ಚಳ ಬೇಕು.

ಇದರ ಜೊತೆ ಒಂದು ಉಂಡೆ ದಾರ ಕಳಿಸಿದ್ದೇನೆ. ಮುಂದಿನದನ್ನು ಅತ್ತೆಗೆ ಓದಿ ಹೇಳಿ. ನಿಮ್ಮ ಮಾತು ಸೇರಿಸಬೇಡಿ.

ಅತ್ತೆ, ನಮಸ್ಕಾರ. ನಮ್ಮ ಆಸ್ಪತ್ರೆಯಲ್ಲಿ ಹಳೆಯ ಟೆಲಿಫೋನ್ ಕೋಣೆ ಒಂದಿದೆ. ಅಲ್ಲಿ ನೂರಾರು ತಂತಿಗಳನ್ನು ಕಂತೆ ಮಾಡಿ ಮೇಣದ ದಾರದಲ್ಲಿ ಗೇಣಿಗೊಂದು ಗಂಟು ಹಾಕಿ ಕಟ್ಟಿದ್ದಾರೆ. ಕಟ್ಟಿದವರು ಈಗಿಲ್ಲ, ಗಂಟು ಒಂದೂ ಸಡಿಲವಾಗಿಲ್ಲ. ನಾನು ಕಟ್ಟಿ ನೋಡಿದೆ. ಮಗುವಿನ ಜಡೆಯಂತೆ ಸಂಜೆಗೆ ಬಿಚ್ಚಿಹೋಯಿತು. ಈಗಿನವರನ್ನು ಕೇಳಿದರೆ ಪ್ಲಾಸ್ಟಿಕ್ ಪಟ್ಟಿ ಎಳೆದು ಬಿಗಿಯುತ್ತಾರೆ, ಅದು ತಂತಿಯ ಕುತ್ತಿಗೆ ಹಿಸುಕುತ್ತದೆ. ಗ್ರಂಥಾಲಯದ ಹತ್ತು ಮೇಜಿನ ತಂತಿಗಳನ್ನು ನಾನು ಹುಲ್ಲಿನ ಹೊರೆಯಂತೆ ಬಿಸಾಕಿ ಬಂದಿದ್ದೇನೆ. ಅವನ್ನು ಕಟ್ಟಿಕೊಡಬೇಕು. ನೀಲಿ ತಂತಿಯ ತುದಿ ಕೂರುವುದಕ್ಕೆ ಮೇಜಿನ ಅಂಚಿಗೆ ಬೆತ್ತದ ಒಂದು ಸಣ್ಣ ಗೂಡು ಬೇಕು. ಯಾವ ಗಂಟು ಹಾಕಬೇಕೆಂದು ಹೇಳುವಷ್ಟು ನನಗೆ ತಿಳಿಯದು.

ಚಿಕ್ಕವಳು


ಮೇ ೧೭

ಚಿಕ್ಕವಳಿಗೆ,

ನನ್ನ ಮಾತು ಸೇರಿಸದೆ ಓದಿದೆ. ಮುಗಿಯುವವರೆಗೂ ಅತ್ತೆ ಗೋಡೆ ನೋಡುತ್ತಿದ್ದರು. ಆಮೇಲೆ ದಾರದ ಉಂಡೆಯನ್ನು ತೆಗೆದುಕೊಂಡು ಎರಡು ಬೆರಳ ನಡುವೆ ಎಳೆದು ನೋಡಿ, “ಮೇಣ ಸಾಲದು” ಎಂದರು. ಅಷ್ಟೇ. ಮೂರನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಮೋಂಬತ್ತಿಯ ತುಂಡು ಹಿಡಿದು ದಾರಕ್ಕೆ ಮೇಣ ಉಜ್ಜುತ್ತಾ ಕೂತಿದ್ದಾರೆ.

ನಾನು ಕರೆಯಲಿಲ್ಲ. ಬೀಗದ ಕೈ ತೆಗೆದುಕೊಂಡು ಹೊರಟೆ. ಬೀದಿಯ ತಿರುವಿನಲ್ಲಿ ಹಿಂದೆ ಚಪ್ಪಲಿ ಸದ್ದು ಕೇಳಿಸಿತು. ತಿರುಗಿ ನೋಡದೆ ನಡಿಗೆ ನಿಧಾನ ಮಾಡಿದೆ.

ಕೋಣೆಯೊಳಗೆ ಬಂದವರು ಯಾರ ಮುಖವನ್ನೂ ನೋಡಲಿಲ್ಲ. ಚಾಲಕ ಕುರ್ಚಿಯ ಮೇಲಿನ ಚೀಲ ತೆಗೆದು, “ಅಜ್ಜಿ, ಎಲ್ಲಿಗೆ ಹೋಗಿದ್ರಿ? ನೀವಿಲ್ದೆ ನನ್ನ ಬೈಯೋರೇ ಇರ್ಲಿಲ್ಲ” ಎಂದ. “ಬೈಸ್ಕೊಳೋಕೆ ಅಷ್ಟು ಆಸೆ ಇದ್ರೆ ಮೇಜು ಎತ್ತು” ಎಂದರು. ಅವನೂ ಉದ್ದ ಕೂದಲಿನವನೂ ಸೇರಿ ಮೇಜು ಎತ್ತಿ ಗೋಡೆಗೆ ಒರಗಿಸಿದರು. ಅತ್ತೆ ಮಣೆ ಹಾಕಿ ಕೂತರು. ನಿನ್ನ ತಂತಿಗಳನ್ನು ಕಂಡು ಅವರು ಆಡಿದ ಮಾತುಗಳನ್ನು ನಾನು ಬರೆಯುವುದಿಲ್ಲ.

ನಾಲ್ಕು ಮೇಜು ಮುಗಿದಿವೆ. ಗೇಣಿಗೊಂದು ಗಂಟು, ಒಂದೇ ಅಳತೆ, ಒಂದೇ ಕಡೆಗೆ ಮುಖ. ಎಷ್ಟು ಬಿಗಿ ಎಂದರೆ ನಾಲ್ಕನೆಯ ಪರದೆಯನ್ನು ಒಂದಿಷ್ಟೂ ಸರಿಸಲಾಗುವುದಿಲ್ಲ, ಅಲ್ಲಿ ಕೂರುವ ದರ್ಜಿ ತನ್ನ ಕುರ್ಚಿಯನ್ನೇ ಓರೆ ಮಾಡಿಕೊಳ್ಳುತ್ತಾನೆ. ಖಾಲಿ ತೂತುಗಳಿಗೆ ಬೆತ್ತದ ಚೂರು ಕೆತ್ತಿ ಬಿರಡೆ ಮಾಡಿದ್ದಾರೆ. ನೀಲಿ ತಂತಿಯ ಗೂಡಿನ ಬುಡ ಹೆಣೆದಾಯಿತು, ಗೋಡೆ ಬಾಕಿ.

ನಿನ್ನೆ ಕೆಲಸ ನಿಂತಿತು. ಸರ್ವರಿನಿಂದ ಬರುವ ದಪ್ಪ ಕಂತೆ ಉದ್ದವಾಗಿದೆ, ಒಬ್ಬರು ಆ ಕಡೆ ಹಿಡಿಯಬೇಕು, ಒಬ್ಬರು ಈ ಕಡೆ ಕಟ್ಟಬೇಕು. ನಾನು ಹಿಡಿದೆ. ಎರಡು ಗಂಟು ಹಾಕುವಷ್ಟರಲ್ಲಿ ದಾರ ಕೆಳಗಿಟ್ಟರು.

“ನೀನು ಎಳೀತೀಯ” ಎಂದರು.

“ಇಲ್ಲ ಅತ್ತೆ, ಹಿಡ್ಕೊಂಡಿದೀನಿ ಅಷ್ಟೆ.”

“ಹಿಡಿಯೋದು ಬೇರೆ, ಎಳೆಯೋದು ಬೇರೆ. ನಿನಗೆ ಎರಡೂ ಒಂದೇ. ಈ ತಂತಿ ಹಾಕಿದವಳನ್ನ ಕರಿ. ಹೊರೆ ಹಾಕಿದವಳೇ ಬಂದು ಹಿಡೀಲಿ.”

ಚಾಲಕ ನಕ್ಕ. ಬೇರೆ ಸಮಯವಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು.

ಭಾನುವಾರ ಗ್ರಂಥಾಲಯಕ್ಕೆ ರಜೆ. ಕೋಣೆಯನ್ನು ನಮಗಾಗಿ ತೆರೆಯುತ್ತೇನೆ. ಶನಿವಾರ ರಾತ್ರಿಯೊಳಗೆ ಬಂದರೆ ಭಾನುವಾರ ಸಂಜೆಗೆ ಮುಗಿಸಿ ಹೊರಡಬಹುದು.

ನಿನ್ನ
ದೊಡ್ಡವಳು


ಮೇ ೨೨

ಅಕ್ಕ,

ಆರು ಮೇಜು, ಒಂದು ದಪ್ಪ ಕಂತೆ, ಮೇಲೆ ಅತ್ತೆ. ಒಂದು ಭಾನುವಾರಕ್ಕೆ ಮುಗಿಯುವುದಿಲ್ಲ. ನಾಲ್ಕು ಜೊತೆ ಬಟ್ಟೆ ತರುತ್ತಿದ್ದೇನೆ.

ನಿಮ್ಮ
ಚಿಕ್ಕವಳು